ಗಾಳಿಯಿಲ್ಲದ ಕೆಸರಿನಲ್ಲಿ ವಿಷ ಕಳಚುವ ಕೆಲಸಗಾರರು

ಮಕ್ಕಳೇ, ಆಷಾಢದ ಮಳೆ ಹಿಡಿದ ಮೇಲೆ ಹಾನಗಲ್ಲ ತಾಲ್ಲೂಕಿನ ಭತ್ತದ ಗದ್ದೆಯಲ್ಲಿ ಬರಿಗಾಲಿನಲ್ಲಿ ನಡೆದಿದ್ದೀರಾ? ಕಾಲು ಕೆಸರಿನಲ್ಲಿ ಹೂತುಹೋಗುತ್ತದೆ. ಎಳೆದು ತೆಗೆದಾಗ ಒಂದು ವಿಷಯ ಗಮನಿಸಿ. ಮೇಲಿನ ತೆಳುಪದರದ ಕೆಸರು ಕಂದು ಬಣ್ಣದ್ದು. ಅದರ ಕೆಳಗಿನದು ಬೂದು, ಕೆಲವು ಕಡೆ ಕಪ್ಪು. ಕಪ್ಪು ಕೆಸರಿಗೆ ಕೊಳೆತ ಮೊಟ್ಟೆಯಂಥ ಸಣ್ಣ ವಾಸನೆಯೂ ಇರುತ್ತದೆ. "ಛೀ, ರಾಡಿ!" ಎಂದು ನಾವು ಕಾಲು ತೊಳೆದುಕೊಳ್ಳುತ್ತೇವೆ.

ಆದರೆ ಆ ರಾಡಿಯಲ್ಲಿ ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಿಗಳು ದುಡಿಯುತ್ತಿವೆ. ಮನುಷ್ಯ ತಯಾರಿಸಿ ಮಣ್ಣಿಗೆ ಸುರಿದ ಕೆಲವು ಗಟ್ಟಿ ವಿಷಗಳನ್ನು ಅವು ಬಿಡಿಸಿ ಹಾಕಬಲ್ಲವು. ಅದೂ ಗಾಳಿಯಿಲ್ಲದ ಜಾಗದಲ್ಲಿ! ಹೇಗೆ? ತಿಳಿಯೋಣ ಬನ್ನಿ.

ಅಜ್ಜನ ಕಾಲದ ಪುಡಿ

ನಿಮ್ಮ ಅಜ್ಜ ಅಜ್ಜಿಯರನ್ನು "ಬಿ.ಎಚ್.ಸಿ. ಪುಡಿ ಗೊತ್ತೇ?" ಎಂದು ಕೇಳಿ ನೋಡಿ. ಮುಗ್ಗಲು ವಾಸನೆಯ ಆ ಪುಡಿ ಹಲವರಿಗೆ ನೆನಪಿರುತ್ತದೆ. ಬೆಳೆಗೆ ಹುಳ ಬಿದ್ದರೆ ಅದನ್ನು ಎರಚುತ್ತಿದ್ದರು. ಇರುವೆ, ಗೆದ್ದಲು ಬಂದರೂ ಅದೇ ಪುಡಿ. ಅದರ ಜೊತೆಗಾರ ಡಿ.ಡಿ.ಟಿ. ಮಲೇರಿಯಾ ಸೊಳ್ಳೆ ಕೊಲ್ಲಲು ಮನೆಯ ಗೋಡೆಗಳಿಗೆ ಅದನ್ನು ಸಿಂಪಡಿಸುತ್ತಿದ್ದರು.

ಬಿ.ಎಚ್.ಸಿ.ಯನ್ನು ಮೊದಲು ತಯಾರಿಸಿದವರು ಇಂಗ್ಲೆಂಡಿನ ವಿಜ್ಞಾನಿ ಮೈಕೇಲ್ ಫ್ಯಾರಡೆ, 1825ರಲ್ಲಿ. ವಿದ್ಯುತ್ತಿನ ಪಾಠದಲ್ಲಿ ಬರುವ ಫ್ಯಾರಡೆ ಅವರೇ! ಆದರೆ ಅದು ಕೀಟ ಕೊಲ್ಲುತ್ತದೆ ಎಂಬುದು ಬಳಕೆಗೆ ಬಂದದ್ದು 1940ರ ದಶಕದಲ್ಲಿ. ನಮ್ಮ ದೇಶದಲ್ಲಿ 1952ರಲ್ಲಿ ಕೋಲ್ಕತ್ತದ ಬಳಿಯ ರಿಶ್ರಾದಲ್ಲಿ ಇದರ ಕಾರ್ಖಾನೆ ಆರಂಭವಾಯಿತು. ಬೆಲೆ ಕಡಿಮೆ, ಕೀಟಗಳು ಬೇಗ ಸಾಯುತ್ತಿದ್ದವು. ಹೀಗಾಗಿ ಹಳ್ಳಿ ಹಳ್ಳಿಗೂ ತಲುಪಿತು.

ತೊಂದರೆ ಆಮೇಲೆ ತಿಳಿಯಿತು. ಹುಳ ಸತ್ತ ಮೇಲೂ ವಿಷ ಸಾಯಲಿಲ್ಲ. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಿತು. ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ದನಕ್ಕೆ, ದನದಿಂದ ಹಾಲಿಗೆ ಸಾಗಿತು. ಕೊಬ್ಬಿನಲ್ಲಿ ಕರಗುವ ಗುಣ ಇರುವುದರಿಂದ ಪ್ರಾಣಿಗಳ ಮತ್ತು ಮನುಷ್ಯರ ದೇಹದಲ್ಲಿ ಸೇರಿಕೊಂಡಿತು. ಭಾರತ ಸರ್ಕಾರ 1997ರಲ್ಲಿ ಬಿ.ಎಚ್.ಸಿ.ಯನ್ನು ನಿಷೇಧಿಸಿತು. ನಮ್ಮ ಹಾವೇರಿ ಜಿಲ್ಲೆ ಹುಟ್ಟಿದ ವರ್ಷವೂ ಅದೇ.

ಆರು ಮಕ್ಕಳ ವೃತ್ತ

ಈ ವಿಷ ಯಾಕೆ ಇಷ್ಟು ಗಟ್ಟಿ? ಅದರ ಅಣುವಿನ ರಚನೆ ನೋಡಿದರೆ ತಿಳಿಯುತ್ತದೆ.

ಶಾಲೆಯ ಅಂಗಳದಲ್ಲಿ ಆರು ಮಕ್ಕಳು ಕೈ ಕೈ ಹಿಡಿದು ವೃತ್ತವಾಗಿ ನಿಂತಿದ್ದಾರೆ ಎಂದುಕೊಳ್ಳಿ. ಒಬ್ಬೊಬ್ಬರೂ ಒಂದೊಂದು ಇಂಗಾಲದ ಪರಮಾಣು. ಪ್ರತಿಯೊಬ್ಬರಿಗೂ ಒಂದು ಸಣ್ಣ ಚೆಂಡು, ಒಂದು ದೊಡ್ಡ ಚೆಂಡು ಅಂಟಿಕೊಂಡಿದೆ. ಸಣ್ಣದು ಜಲಜನಕ, ದೊಡ್ಡದು ಕ್ಲೋರಿನ್. ಹೀಗೆ ಆರು ಇಂಗಾಲ, ಆರು ಜಲಜನಕ, ಆರು ಕ್ಲೋರಿನ್ ಸೇರಿದರೆ ಬಿ.ಎಚ್.ಸಿ.ಯ ಒಂದು ಅಣು.

ದೊಡ್ಡ ಚೆಂಡು ವೃತ್ತದ ಮೇಲ್ಗಡೆ ಇರಬಹುದು ಅಥವಾ ಕೆಳಗಡೆ ಇರಬಹುದು. ಯಾವುದು ಮೇಲೆ, ಯಾವುದು ಕೆಳಗೆ ಎಂಬುದರ ಮೇಲೆ ಈ ಅಣುವಿಗೆ ಬೇರೆ ಬೇರೆ ರೂಪಗಳು ಬರುತ್ತವೆ. ಅವುಗಳನ್ನು ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಎಂದು ಕರೆಯುತ್ತಾರೆ. ಕೀಟ ಕೊಲ್ಲುವ ಶಕ್ತಿ ಇರುವುದು ಮುಖ್ಯವಾಗಿ ಗಾಮಾ ರೂಪಕ್ಕೆ. ಅದರ ಹೆಸರು ಲಿಂಡೇನ್. ಕಾರ್ಖಾನೆಯ ಬಿ.ಎಚ್.ಸಿ.ಯಲ್ಲಿ ಗಾಮಾ ಇದ್ದದ್ದು ನೂರಕ್ಕೆ 10ರಿಂದ 15 ಪಾಲು ಮಾತ್ರ. ಉಳಿದದ್ದೆಲ್ಲ ಹೊಲಕ್ಕೆ ಸುಮ್ಮನೆ ಬಿದ್ದ ಹೊರೆ.

ಸಾಮಾನ್ಯವಾಗಿ ಸತ್ತ ಎಲೆ, ಹುಲ್ಲು, ಸಗಣಿ ಮಣ್ಣಿಗೆ ಬಿದ್ದರೆ ಗಾಳಿಯಲ್ಲಿ ಬದುಕುವ ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸುತ್ತವೆ. ಅವುಗಳಿಗೆ ಬೇಕಾದದ್ದು ಆಹಾರದಲ್ಲಿರುವ ಎಲೆಕ್ಟ್ರಾನ್‌ಗಳು. ಆದರೆ ಕ್ಲೋರಿನ್ ಬಹಳ ಆಸೆಬುರುಕ. ಅದು ಅಣುವಿನ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆಗೆ ಎಳೆದುಕೊಂಡು ಕುಳಿತಿರುತ್ತದೆ. ಕ್ಲೋರಿನ್ ಹೆಚ್ಚಾದಷ್ಟೂ ಆ ಅಣು ಗಾಳಿಯ ಜೀವಿಗಳಿಗೆ ರುಚಿಸದ ಊಟ. ಮುಳ್ಳು ತುಂಬಿದ ಹಣ್ಣನ್ನು ದನ ಮುಟ್ಟದೆ ಬಿಡುವಂತೆ ಹೆಚ್ಚಿನವು ಅದನ್ನು ಬಿಟ್ಟುಬಿಡುತ್ತವೆ. ಹಾಗಾದರೆ ಮುಳ್ಳು ಕೀಳುವವರು ಯಾರು?

ಗದ್ದೆಯ ಮಣ್ಣು ಕೊಟ್ಟ ಉತ್ತರ

ಉತ್ತರ ಸಿಕ್ಕಿದ್ದು ಭತ್ತದ ಗದ್ದೆಯ ಮಣ್ಣಿನಲ್ಲಿ. ಫಿಲಿಪ್ಪೀನ್ಸ್ ದೇಶದ ಲಾಸ್ ಬಾನ್ಯೋಸ್‌ನಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ರಘು ಮತ್ತು ಮೆಕ್‌ರೇ ಎಂಬ ವಿಜ್ಞಾನಿಗಳು ಗದ್ದೆಯ ಮಣ್ಣನ್ನು ನೀರಿನಲ್ಲಿ ಮುಳುಗಿಸಿ ಅದಕ್ಕೆ ಲಿಂಡೇನ್ ಸೇರಿಸಿದರು. ಇನ್ನೊಂದು ಪಾಲು ಮಣ್ಣಿನಲ್ಲಿ ಮೊದಲೇ ಸೂಕ್ಷ್ಮಜೀವಿಗಳನ್ನೆಲ್ಲ ಕೊಂದು, ಅದಕ್ಕೂ ಅಷ್ಟೇ ಲಿಂಡೇನ್ ಸೇರಿಸಿದರು. ಉಳಿದದ್ದೆಲ್ಲ ಎರಡಕ್ಕೂ ಒಂದೇ.

ಏನಾಯಿತು ಗೊತ್ತೇ? ಜೀವ ಇದ್ದ ಮಣ್ಣಿನಲ್ಲಿ ಲಿಂಡೇನ್ ಕರಗುತ್ತಾ ಹೋಯಿತು. ಜೀವ ಇಲ್ಲದ ಮಣ್ಣಿನಲ್ಲಿ ಅದು ಉಳಿದುಕೊಂಡಿತು. ಅಂದರೆ ವಿಷವನ್ನು ಮುಗಿಸಿದ್ದು ನೀರೂ ಅಲ್ಲ, ಬಿಸಿಲೂ ಅಲ್ಲ, ಮಣ್ಣಿನ ಸೂಕ್ಷ್ಮಜೀವಿಗಳೇ! ಈ ಫಲಿತಾಂಶ 1966ರಲ್ಲಿ ಪ್ರಕಟವಾಯಿತು. ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೆಯೇ ಇಟ್ಟು ಹೋಲಿಸುವುದು ವಿಜ್ಞಾನದ ಮುಖ್ಯ ದಾರಿ ಎಂಬುದನ್ನೂ ಇಲ್ಲಿ ಗಮನಿಸಿ.

1969ರಲ್ಲಿ ಗದ್ದೆ ಮಣ್ಣಿನಿಂದ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದು ಲಿಂಡೇನನ್ನು ಬಿಡಿಸುತ್ತಿತ್ತು. ವಿಶೇಷವೆಂದರೆ ಕ್ಲಾಸ್ಟ್ರಿಡಿಯಂಗೆ ಆಮ್ಲಜನಕ ಎಂದರೆ ಆಗದು. ಹೀಗೆ ಆಮ್ಲಜನಕವಿಲ್ಲದೆ ಬದುಕುವ ಜೀವಿಗಳನ್ನು ಅವಾಯು ಜೀವಿಗಳು ಎನ್ನುತ್ತಾರೆ.

1970ರಲ್ಲಿ ಯೋಶಿದಾ ಮತ್ತು ಕ್ಯಾಸ್ಟ್ರೊ ಎಂಬುವರು ಇನ್ನೂ ಕೆಲವು ವಿಷಯ ತೋರಿಸಿದರು. ಒಣ ಮಣ್ಣಿಗಿಂತ ನೀರು ನಿಂತ ಮಣ್ಣಿನಲ್ಲಿ ಲಿಂಡೇನ್ ಬೇಗ ಬಿಡಿಯುತ್ತದೆ. ಮಣ್ಣಿಗೆ ಭತ್ತದ ಹುಲ್ಲು ಸೇರಿಸಿದರೆ ಇನ್ನೂ ಬೇಗ. ಆದರೆ ನೈಟ್ರೇಟ್ ಸೇರಿಸಿದರೆ ಕೆಲಸ ನಿಧಾನವಾಗುತ್ತದೆ. ಇದು ಯಾಕೆ ಎಂಬುದನ್ನು ಮುಂದೆ ನೋಡೋಣ.

ನಮ್ಮ ದೇಶದಲ್ಲೂ ಈ ಕೆಲಸ ನಡೆಯಿತು. ಒಡಿಶಾದ ಕಟಕ್‌ನಲ್ಲಿ ಆಗ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆ ಎಂಬ ಹೆಸರಿದ್ದ ಸಂಸ್ಥೆಯಲ್ಲಿ ಸೇತುನಾಥನ್ ಎಂಬ ವಿಜ್ಞಾನಿ ಇದ್ದರು. ಅವರು ಸಿದ್ದರಾಮಪ್ಪ ಅವರೊಡನೆ ಸೇರಿ ಭಾರತದ ಬೇರೆ ಬೇರೆ ಗದ್ದೆ ಮಣ್ಣುಗಳಲ್ಲಿ ನೀರು ನಿಲ್ಲಿಸಿ, ಗಾಮಾ ಮತ್ತು ಬೀಟಾ ರೂಪಗಳು ಎಷ್ಟು ದಿನ ಉಳಿಯುತ್ತವೆ ಎಂದು ಅಳೆದರು. ಅದು 1975ರಲ್ಲಿ ಪ್ರಕಟವಾಯಿತು. ಎಲ್ಲ ಮಣ್ಣೂ ಒಂದೇ ವೇಗದಲ್ಲಿ ಕೆಲಸ ಮಾಡುವುದಿಲ್ಲ ಎಂಬುದು ಇಂಥ ಅಧ್ಯಯನಗಳಿಂದ ಗೊತ್ತಾಯಿತು.

ಉಸಿರಾಟ ಒಂದು ಸಂತೆ ವ್ಯಾಪಾರ

ಗಾಳಿಯಿಲ್ಲದೆ ಬದುಕುವುದು ಹೇಗೆ? ಇದನ್ನು ತಿಳಿಯಲು ಸಂತೆಗೆ ಹೋಗೋಣ.

ರೈತ ಚೀಲ ಹೊತ್ತು ಸಂತೆಗೆ ಬರುತ್ತಾನೆ. ಚೀಲವನ್ನು ಯಾರಾದರೂ ಕೊಂಡರೆ ಮಾತ್ರ ಅವನಿಗೆ ಹಣ ಸಿಗುತ್ತದೆ. ಯಾರೂ ಕೊಳ್ಳದಿದ್ದರೆ ಚೀಲ ಇದ್ದೂ ಕೈ ಬರಿದು. ಜೀವಿಗಳ ಉಸಿರಾಟವೂ ಹೀಗೆಯೇ. ಆಹಾರದಿಂದ ಸಿಗುವ ಎಲೆಕ್ಟ್ರಾನ್‌ಗಳೇ ಚೀಲ. ಅವನ್ನು ಬೇರೊಂದು ವಸ್ತುವಿಗೆ ಒಪ್ಪಿಸಿದಾಗ ಜೀವಿಗೆ ಶಕ್ತಿ ಸಿಗುತ್ತದೆ. ಅದೇ ಹಣ.

ಎಲ್ಲರಿಗಿಂತ ಒಳ್ಳೆಯ ಬೆಲೆ ಕೊಡುವ ವ್ಯಾಪಾರಿ ಆಮ್ಲಜನಕ. ನಾವು, ದನ, ಹಕ್ಕಿ, ಮೀನು ಎಲ್ಲರೂ ಅದಕ್ಕೇ ಮಾರುತ್ತೇವೆ. ಆದರೆ ಗದ್ದೆಯಲ್ಲಿ ನೀರು ನಿಂತಾಗ ಏನಾಗುತ್ತದೆ? ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನಲ್ಲಿ ಇದ್ದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಬೇಗನೆ ಖಾಲಿ ಮಾಡುತ್ತವೆ. ಹೊಸದು ಬರುವುದಿಲ್ಲ. ದೊಡ್ಡ ವ್ಯಾಪಾರಿ ಸಂತೆ ಬಿಟ್ಟು ಹೋದಂತಾಯಿತು!

ಆಗ ಸೂಕ್ಷ್ಮಜೀವಿಗಳು ಬೇರೆ ವ್ಯಾಪಾರಿಗಳನ್ನು ಹುಡುಕುತ್ತವೆ. ಮೊದಲು ನೈಟ್ರೇಟ್. ಅದು ಮುಗಿದರೆ ಮಣ್ಣಿನ ಮ್ಯಾಂಗನೀಸ್ ಮತ್ತು ಕಬ್ಬಿಣದ ತುಕ್ಕು. ಕಬ್ಬಿಣದ ಕೆಂಪು ಕಳೆದು ಮಣ್ಣು ಬೂದಾಗುವುದು ಆಗಲೇ. ಆಮೇಲೆ ಸಲ್ಫೇಟ್. ಅದರಿಂದ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹುಟ್ಟಿ, ಕಬ್ಬಿಣದ ಜೊತೆ ಸೇರಿ ಕೆಸರು ಕಪ್ಪಾಗುತ್ತದೆ. ನಿಮ್ಮ ಕಾಲಿಗೆ ಮೆತ್ತಿದ ಎರಡು ಬಣ್ಣದ ಗುಟ್ಟು ಇದೇ! ಮೇಲಿನ ಕಂದು ಪದರಕ್ಕೆ ಆಮ್ಲಜನಕ ಸಿಗುತ್ತಿದೆ, ಕೆಳಗಿನದಕ್ಕೆ ಇಲ್ಲ.

ಇಂಥ ಸಂತೆಯಲ್ಲಿ ಎಲೆಕ್ಟ್ರಾನ್‌ಗಾಗಿ ಬಾಯಿಬಿಟ್ಟು ಕುಳಿತ ಆಸೆಬುರುಕ ಕ್ಲೋರಿನ್ ಕೂಡ ಒಬ್ಬ ವ್ಯಾಪಾರಿ! ಸೂಕ್ಷ್ಮಜೀವಿ ಎಲೆಕ್ಟ್ರಾನ್ ಕೊಟ್ಟ ಕೂಡಲೇ ಕ್ಲೋರಿನ್ ಇಂಗಾಲವನ್ನು ಬಿಟ್ಟು ಕ್ಲೋರೈಡ್ ಆಗಿ ನೀರಿಗೆ ಇಳಿಯುತ್ತದೆ. ಕ್ಲೋರೈಡ್ ಎಂದರೆ ನಮ್ಮ ಅಡುಗೆ ಉಪ್ಪಿನಲ್ಲಿರುವುದೇ. ಗಾಳಿಯ ಜೀವಿಗಳಿಗೆ ಬೇಡವಾದ ಗುಣವೇ ಇಲ್ಲಿ ಉಪಯೋಗಕ್ಕೆ ಬಂತು.

ಹುಲ್ಲು ಹಾಕಿದರೆ ಕೆಲಸ ಬೇಗ ಯಾಕೆ ಎಂದು ಈಗ ತಿಳಿಯಿತೇ? ಹುಲ್ಲು ಕೊಳೆತಾಗ ಚೀಲಗಳು ಹೆಚ್ಚುತ್ತವೆ, ಆಮ್ಲಜನಕವೂ ಬೇಗ ಮುಗಿಯುತ್ತದೆ. ನೈಟ್ರೇಟ್ ಹಾಕಿದರೆ ಚೀಲಗಳೆಲ್ಲ ಆ ವ್ಯಾಪಾರಿಯ ಕಡೆ ಹೋಗುತ್ತವೆ, ಕ್ಲೋರಿನ್ ಕಾಯುತ್ತಾ ಕೂರಬೇಕಾಗುತ್ತದೆ.

ಒಂದೊಂದೇ ಮುಳ್ಳು ಕಿತ್ತಂತೆ

ಲಿಂಡೇನಿನ ಆರು ಕ್ಲೋರಿನ್‌ಗಳು ಒಟ್ಟಿಗೆ ಹೋಗುವುದಿಲ್ಲ. ಅವಾಯು ಜೀವಿಗಳು ಮೊದಲು ಎರಡನ್ನು ಕಳಚುತ್ತವೆ, ನಾಲ್ಕು ಉಳಿಯುತ್ತದೆ. ಮತ್ತೆ ಕಳಚುತ್ತವೆ. ಕೊನೆಗೆ ಒಂದು ಕ್ಲೋರಿನ್ ಉಳಿದ ಕ್ಲೋರೋಬೆಂಜೀನ್ ಅಥವಾ ಒಂದೂ ಉಳಿಯದ ಬೆಂಜೀನ್ ಸಿಗುತ್ತದೆ.

ಕ್ಲಾಸ್ಟ್ರಿಡಿಯಂ ತನ್ನ ಹೊಟ್ಟೆಪಾಡಿನ ನಡುವೆ ಈ ಕೆಲಸ ಮಾಡುತ್ತದೆ. ಆದರೆ ಇದನ್ನೇ ಉಸಿರಾಟ ಮಾಡಿಕೊಂಡ ಜೀವಿಯೊಂದಿದೆ. ಅದರ ಹೆಸರು ಡಿಹ್ಯಾಲೋಕೊಕಾಯ್ಡಿಸ್. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನು ವರದಿ ಮಾಡಿದರು. ಸಿಕ್ಕಿದ್ದು ಎಲ್ಲಿ? ಊರಿನ ಚರಂಡಿ ನೀರು ಶುದ್ಧ ಮಾಡುವ ಘಟಕದ ರಾಡಿಯಲ್ಲಿ! ಒಂದು ಮಿಲಿಮೀಟರ್ ಜಾಗದಲ್ಲಿ ಸಾವಿರಕ್ಕೂ ಹೆಚ್ಚು ಸಾಲಾಗಿ ನಿಲ್ಲುವಷ್ಟು ಇದು ಸಣ್ಣದು. ಬೇರೆ ಜೀವಿಗಳು ಬಿಟ್ಟ ಜಲಜನಕ ಇದರ ಆಹಾರ, ಕ್ಲೋರಿನ್ ತುಂಬಿದ ವಿಷವೇ ಇದರ ಉಸಿರು. ಬಟ್ಟೆಗಳ ಡ್ರೈಕ್ಲೀನಿಂಗ್‌ಗೆ ಬಳಸುವ ನಾಲ್ಕು ಕ್ಲೋರಿನ್‌ಗಳ ಒಂದು ದ್ರವವನ್ನು ಇದು ಹಂತ ಹಂತವಾಗಿ ಎಥಿಲೀನ್ ಮಾಡಿಬಿಡುತ್ತದೆ. ಎಥಿಲೀನ್ ಎಂದರೆ ಬಾಳೆಹಣ್ಣು, ಮಾವು ಪಕ್ವವಾಗುವಾಗ ಬಿಡುವ ಅನಿಲ. ಕೆಲವು ದೇಶಗಳಲ್ಲಿ ಇಂಥ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ವಿಷ ಸೇರಿದ ಅಂತರ್ಜಲಕ್ಕೆ ಇಳಿಸಿ ಶುದ್ಧಿ ಮಾಡುತ್ತಿದ್ದಾರೆ.

ಎರಡು ಪಾಳಿಯ ಕೆಲಸ

ಅವಾಯು ಜೀವಿಗಳು ಉಳಿಸಿದ ಕ್ಲೋರೋಬೆಂಜೀನ್, ಬೆಂಜೀನ್‌ಗಳೂ ಒಳ್ಳೆಯವಲ್ಲ. ಆದರೆ ಮುಳ್ಳು ಕಿತ್ತ ಮೇಲೆ ಅವು ಗಾಳಿಯ ಜೀವಿಗಳಿಗೆ ತಿನ್ನಲು ಸುಲಭ. ಅವು ಬಂದು ಉಳಿದ ಕೆಲಸ ಮುಗಿಸಿದರೆ ಕೊನೆಗೆ ಸಿಗುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಕಾರ್ಖಾನೆಯ ಎರಡು ಪಾಳಿಯಂತೆ!

ನಮ್ಮ ಭಾಗದ ಗದ್ದೆಗಳಲ್ಲಿ ಈ ಎರಡೂ ಪಾಳಿಗೆ ಅವಕಾಶವಿದೆ. ಹಾನಗಲ್ಲ ಭಾಗದಲ್ಲಿ ಮುಂಗಾರಿನ ಮೊದಲ ಹಸಿಗೆ ಕೂರಿಗೆಯಿಂದ ಭತ್ತ ಬಿತ್ತುವ ರೂಢಿ ಇದೆ. ಆಗ ಮಣ್ಣಿನಲ್ಲಿ ಗಾಳಿ ಇರುತ್ತದೆ. ಮಳೆ ಜೋರಾಗಿ ನೀರು ನಿಂತ ಮೇಲೆ ಗಾಳಿ ಹೊರಟುಹೋಗುತ್ತದೆ. ಸುಗ್ಗಿಗೆ ಗದ್ದೆ ಒಣಗಿ ಬಿರುಕು ಬಿಟ್ಟಾಗ ಗಾಳಿ ಮತ್ತೆ ಒಳಗೆ ಬರುತ್ತದೆ. ಶಿಗ್ಗಾವಿ ತಾಲ್ಲೂಕಿನಲ್ಲಿ ಭತ್ತ ಬೆಳೆಯುವ ಪಶ್ಚಿಮ ಭಾಗದಲ್ಲೂ ಹೀಗೆಯೇ.

ಸವಣೂರಿನ ಎರೆಹೊಲ, ಹಿರೇಕೆರೂರಿನ ಗೋವಿನಜೋಳದ ಹೊಲಗಳ ಕಥೆ ಬೇರೆ. ಅಲ್ಲಿ ನೀರು ನಿಲ್ಲುವುದಿಲ್ಲ. ನಿಂತರೆ ಬೆಳೆಯೇ ಹಾಳು. ಹಾಗಾಗಿ ಮಣ್ಣಿನಲ್ಲಿ ಹೆಚ್ಚು ಕಾಲ ಗಾಳಿಯೇ ಇರುತ್ತದೆ, ಅವಾಯು ಜೀವಿಗಳ ಪಾಳಿ ಬರುವುದು ಅಪರೂಪ. ಇಂಥ ಹೊಲದಲ್ಲಿ ಕ್ಲೋರಿನ್ ತುಂಬಿದ ವಿಷ ಹೆಚ್ಚು ದಿನ ಉಳಿಯಬಹುದು. ಮಳೆ ನೀರು ಅದನ್ನು ಮಣ್ಣಿನ ಜೊತೆ ತೊಳೆದು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಒಯ್ಯುತ್ತದೆ. ಕೆರೆಯ ತಳದ ಹೂಳಿನಲ್ಲಿ ಮತ್ತೆ ಅವಾಯು ಜೀವಿಗಳು ಕಾದಿರುತ್ತವೆ. ಹಾನಗಲ್ಲಿನ ಆನೆಕೆರೆ ಇರಲಿ, ಸವಣೂರಿನ ಮೋತಿ ತಲಾಬ್ ಇರಲಿ, ಮದಗ ಮಾಸೂರು ಕೆರೆ ಇರಲಿ, ತಳದ ಕಪ್ಪು ಹೂಳಿನಲ್ಲಿ ಗಾಳಿಯಿಲ್ಲದ ಬದುಕು ನಡೆದೇ ಇರುತ್ತದೆ.

ಹಾಗಾದರೆ ಚಿಂತೆ ಇಲ್ಲವೇ?

"ಸೂಕ್ಷ್ಮಜೀವಿಗಳು ಎಲ್ಲವನ್ನೂ ಬಿಡಿಸುತ್ತವಲ್ಲ, ಇನ್ನೇನು ಭಯ?" ಎಂದು ಕೇಳಬೇಡಿ. ಭಯಕ್ಕೆ ಕಾರಣಗಳಿವೆ.

ಮೊದಲನೆಯದು, ಎಲ್ಲ ರೂಪಗಳೂ ಸುಲಭವಾಗಿ ಬಿಡಿಯುವುದಿಲ್ಲ. ಬೀಟಾ ರೂಪದಲ್ಲಿ ಕ್ಲೋರಿನ್‌ಗಳು ಬಹಳ ಭದ್ರವಾಗಿ ಜೋಡಣೆಯಾಗಿವೆ. ಅದು ಎಲ್ಲಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.

ಎರಡನೆಯದು, ಕೆಲಸ ಅರ್ಧಕ್ಕೆ ನಿಲ್ಲಬಹುದು. ನೀರು ನಿಂತ ಮಣ್ಣಿನಲ್ಲಿ ಡಿ.ಡಿ.ಟಿ. ಒಂದು ಕ್ಲೋರಿನ್ ಕಳೆದುಕೊಂಡು ಡಿ.ಡಿ.ಡಿ. ಆಗುತ್ತದೆ. ಅದೂ ವಿಷವೇ. ಡ್ರೈಕ್ಲೀನಿಂಗ್ ದ್ರವದ ಕೆಲಸ ನಡುವೆ ನಿಂತರೆ ವಿನೈಲ್ ಕ್ಲೋರೈಡ್ ಉಳಿಯುತ್ತದೆ. ಅದು ಕ್ಯಾನ್ಸರ್ ತರುವ ವಸ್ತು. ಅರ್ಧ ಕಿತ್ತ ಮುಳ್ಳು ಇನ್ನೂ ಚುಚ್ಚುತ್ತದೆ, ಅಲ್ಲವೇ?

ಮೂರನೆಯದು, ಸೂಕ್ಷ್ಮಜೀವಿಗಳು ನಿಧಾನ, ನಾವು ಅವಸರ. ಕಾಸರಗೋಡಿನ ಗೇರು ತೋಟಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಅದರ ಅಣುವಿನಲ್ಲೂ ಆರು ಕ್ಲೋರಿನ್‌ಗಳಿವೆ. ಪಡ್ರೆಯಂಥ ಕನ್ನಡದ ಹಳ್ಳಿಗಳಲ್ಲಿ ಮಕ್ಕಳು ಹುಟ್ಟುವಾಗಲೇ ಕಾಯಿಲೆಗಳೊಂದಿಗೆ ಹುಟ್ಟಿದ್ದನ್ನು ಊರಿನ ವೈದ್ಯರು ಗಮನಿಸಿ ದನಿಯೆತ್ತಿದರು. ಸಿಂಪಡಣೆ 2000ದಲ್ಲಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಎಂಡೋಸಲ್ಫಾನನ್ನು ತಡೆಯಿತು. ಮಣ್ಣು ವಿಷವನ್ನು ಬಿಡಿಸುವ ಮೊದಲೇ ಅದು ಮಕ್ಕಳನ್ನು ತಲುಪಿದರೆ ಏನು ಪ್ರಯೋಜನ?

ಆದ್ದರಿಂದ ನಾವು ಮಾಡಬೇಕಾದದ್ದು ಇಷ್ಟು. ಔಷಧದ ಡಬ್ಬಿ, ಪಂಪುಗಳನ್ನು ಕೆರೆ, ಹಳ್ಳ, ಬಾವಿಯ ಬಳಿ ತೊಳೆಯಬಾರದು. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ಇಡಬಾರದು. ಅಟ್ಟದ ಮೂಲೆಯಲ್ಲಿ ಹಳೆಯ ಕೀಟನಾಶಕದ ಪುಡಿ ಕಂಡರೆ ಮುಟ್ಟಬೇಡಿ, ಚರಂಡಿಗೂ ಸುರಿಯಬೇಡಿ. ದೊಡ್ಡವರಿಗೆ ಹೇಳಿ. ಅವರು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಲಿ. ಗದ್ದೆಗೆ ಹುಲ್ಲು, ಕೊಟ್ಟಿಗೆ ಗೊಬ್ಬರ ಸೇರಿಸುವ ನಮ್ಮ ಹಿರಿಯರ ರೂಢಿ ಮಣ್ಣಿನ ಜೀವಿಗಳಿಗೆ ಊಟ ಕೊಟ್ಟಂತೆ ಎಂಬುದನ್ನೂ ಅವರಿಗೆ ತಿಳಿಸಿ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಎರಡು ಪಾರದರ್ಶಕ ಬಾಟಲಿಗಳು, ಕೆರೆ ಅಥವಾ ಗದ್ದೆಯ ಕೆಸರು, ಕತ್ತರಿಸಿದ ಒಣಹುಲ್ಲು, ನೀರು.

ಮಾಡುವ ವಿಧಾನ: ಕೆಸರು ತರಲು ಶಿಕ್ಷಕರ ಜೊತೆಗೇ ಹೋಗಿ, ನೀರಿಗೆ ಇಳಿಯಬೇಡಿ. ಹೊಸದಾಗಿ ಔಷಧ ಹೊಡೆದ ಗದ್ದೆಯ ಕೆಸರು ಬೇಡ. ಕೆಸರಿಗೆ ಒಂದು ಹಿಡಿ ಹುಲ್ಲಿನ ಚೂರು ಕಲಸಿ ಅರ್ಧ ಬಾಟಲಿ ತುಂಬಿ. ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ. ಮುಚ್ಚಳವನ್ನು ಸಡಿಲವಾಗಿ ಇಡಿ, ಬಿಗಿ ಮಾಡಬೇಡಿ. ಒಳಗೆ ಅನಿಲ ಹುಟ್ಟುತ್ತದೆ, ಅದು ಹೊರಗೆ ಹೋಗಬೇಕು. ಇನ್ನೊಂದು ಬಾಟಲಿಯಲ್ಲಿ ಹುಲ್ಲು ಹಾಕದೆ ಬರೀ ಕೆಸರು, ನೀರು ಇಡಿ. ಎರಡನ್ನೂ ಒಂದೇ ಜಾಗದಲ್ಲಿಟ್ಟು ವಾರಕ್ಕೊಮ್ಮೆ ಬಣ್ಣ, ಗುಳ್ಳೆಗಳನ್ನು ಗಮನಿಸಿ ಬರೆದಿಡಿ. ಪ್ರತಿ ಸಲ ಸೋಪಿನಿಂದ ಕೈ ತೊಳೆಯಿರಿ.

ಯಾವ ಬಾಟಲಿ ಮೊದಲು ಕಪ್ಪಾಯಿತು? ನೀರಿಗೆ ತಾಗಿದ ಮೇಲಿನ ಪದರದ ಬಣ್ಣ ಏನು? ಆಮ್ಲಜನಕ ಮುಗಿದು ಬೇರೆ ವ್ಯಾಪಾರಿಗಳು ಸಂತೆಗೆ ಬಂದ ಗುರುತು ನಿಮ್ಮ ಕಣ್ಣ ಮುಂದೆಯೇ ಇದೆ.

ಯೋಚಿಸಿ ಉತ್ತರಿಸಿ

1. ರಘು ಮತ್ತು ಮೆಕ್‌ರೇ ಒಂದು ಪಾಲು ಮಣ್ಣಿನ ಜೀವಿಗಳನ್ನು ಮೊದಲೇ ಕೊಂದದ್ದು ಯಾಕೆ?

2. ನೀರು ನಿಂತ ಗದ್ದೆ, ಒಣ ಹೊಲ, ಇವುಗಳಲ್ಲಿ ಲಿಂಡೇನ್ ಎಲ್ಲಿ ಬೇಗ ಬಿಡಿಯುತ್ತದೆ? ಕಾರಣ ಕೊಡಿ.

3. ಗದ್ದೆಯ ಕೆಸರು ಮೇಲೆ ಕಂದು, ಕೆಳಗೆ ಕಪ್ಪು ಇರುವುದು ಯಾಕೆ?

4. ನಿಮ್ಮ ಊರಿನಲ್ಲಿ ಖಾಲಿ ಕೀಟನಾಶಕ ಡಬ್ಬಿಗಳನ್ನು ಏನು ಮಾಡುತ್ತಾರೆ? ಹತ್ತು ಮನೆಗಳಲ್ಲಿ ಕೇಳಿ ಪಟ್ಟಿ ಮಾಡಿ, ತರಗತಿಯಲ್ಲಿ ಚರ್ಚಿಸಿ.